ಬಿರಿದರಷ್ಟೇ ಹಬ್ಬ

ಹೌಜ್ ಖಾಸಿನ ಗಲ್ಲಿಗೆ ಇನ್ನೂ ಬೆಳಕು ಹರಿದಿಲ್ಲ. ಮಂಜು ಎಷ್ಟು ದಟ್ಟವೆಂದರೆ ಎದುರುಮನೆಯ ಬಾಲ್ಕನಿ ಆಧಾರವಿಲ್ಲದೆ ತೇಲುತ್ತಿರುವಂತೆ ಕಾಣುತ್ತದೆ. ಪುಟ್ಟ ಅಂಗಡಿಯೊಂದರ ಹಿಂದಿನ ಅಡುಗೆಮನೆಯಲ್ಲಿ ದೇವಕಿ ರಜಾಯಿ ಸರಿಸಿ, ಅದರೊಳಗೆ ಬೆಚ್ಚಗೆ ಮಲಗಿದ್ದ ಪಾತ್ರೆಯ ಮುಚ್ಚಳ ತೆಗೆಯುತ್ತಾರೆ. ಫೆಬ್ರವರಿಯ ದಿಲ್ಲಿ ಚಳಿಯಲ್ಲಿ ಅಕ್ಕಿಹಿಟ್ಟು ಹುದುಗಬೇಕೆಂದರೆ ಬಾಣಂತಿಯ ಕೂಸಿನಂತೆ ನೋಡಿಕೊಳ್ಳಬೇಕು. ಬಗ್ಗಿ ಕಿವಿಗೊಡುತ್ತಾರೆ. ಗುಳ್ಳೆ ಒಡೆಯುವ ಸಣ್ಣ ಸದ್ದು ಕೇಳುತ್ತದೆ. "ಎದ್ದಿದೆ," ಎನ್ನುತ್ತಾರೆ ತಮ್ಮಷ್ಟಕ್ಕೇ.

ಇವತ್ತು ಚೀನೀ ಹೊಸವರ್ಷ, ಇಸವಿ 2007. ಚನ್ನಪಟ್ಟಣದ ದೇವಕಿ ಮಾಡುತ್ತಿರುವುದು ಫಾಟ್‌ಪಾನ್. ಬೆಲ್ಲ ಬೆರೆಸಿದ ಅಕ್ಕಿಹಿಟ್ಟನ್ನು ಪಿಂಗಾಣಿ ಬಟ್ಟಲುಗಳಲ್ಲಿ ಹಬೆಗಿಟ್ಟು ಬೇಯಿಸುವ ಸಿಹಿ. ಬೆಂದಾಗ ನೆತ್ತಿ ಹೂವಿನ ಹಾಗೆ ಬಿರಿಯಬೇಕು. ಬಿರಿದರೆ 'ನಕ್ಕಿತು' ಅನ್ನುತ್ತಾರೆ, ಮನೆಗೆ ವರ್ಷವಿಡೀ ಏಳಿಗೆ. ನಗದಿದ್ದರೆ ಅದನ್ನು ಹಿರಿಯರ ಪಟದ ಮುಂದೆ ಇಡುವಂತಿಲ್ಲ.

ಅಂಗಡಿ ಲಿಯಾಂಗ್ ಆಂಟಿಯದು. ಕಲ್ಕತ್ತಾದ ಚೀನೀ ಮನೆತನದಲ್ಲಿ ಹುಟ್ಟಿ, ದಿಲ್ಲಿಗೆ ಸೊಸೆಯಾಗಿ ಬಂದವರು. ಕಳೆದ ದೀಪಾವಳಿ ಹೊತ್ತಿಗೆ ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತು. ಬ್ಯೂಟಿ ಪಾರ್ಲರ್ ನಡೆಸುವ ಸೊಸೆ ಶೂಫೆನ್‌ಗೆ ಈ ಅಡುಗೆ ಬಾರದು. "ಈ ಸಲ ಹಣ್ಣಿಟ್ಟು ಕೈಮುಗಿದರಾಯಿತು. ಹಿರಿಯರಿಗೆ ಇಡೋದನ್ನ ಹೊರಗಿನವರ ಕೈಲಿ ಮಾಡಿಸ್ತಾರಾ?" ಎಂದು ಅವಳ ಅಳುಕು. ಹಾಸಿಗೆಯಲ್ಲಿದ್ದ ಆಂಟಿ ತೊದಲುತ್ತಲೇ ತೀರ್ಪು ಕೊಟ್ಟರು: "ದೇವಕಿ ಮಾಡಲಿ. ನಕ್ಕರೆ ಇಡೋಣ."

ಹಾಗಾಗಿ ಈ ಬೆಳಗು ದೇವಕಿಯ ಪಾಲಿಗೆ ಪರೀಕ್ಷೆ. ಆಂಟಿ ಪಕ್ಕದಲ್ಲಿಲ್ಲದೆ ಅವರು ಇದನ್ನು ಶುರುವಿನಿಂದ ಕೊನೆಯವರೆಗೆ ಮಾಡುತ್ತಿರುವುದು ಇದೇ ಮೊದಲು.

ಗಂಡ ಚಂದ್ರಶೇಖರನಿಗೆ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ. ಮನೆ ಲಕ್ಷ್ಮೀ ನಗರದ ಒಂಟಿ ಕೋಣೆ. ಹಿಂದೆ ದೇವಕಿ ಹೌಜ್ ಖಾಸಿನ ಕನ್ನಡ ವಿದ್ಯಾರ್ಥಿಗಳಿಗೆ ಇಡ್ಲಿಹಿಟ್ಟು ಮಾರುತ್ತಿದ್ದರು. ಡಬ್ಬಿಯ ಮುಚ್ಚಳವನ್ನೇ ಎತ್ತಿ ಉಕ್ಕುತ್ತಿದ್ದ ಆ ಹಿಟ್ಟನ್ನು ಒಂದು ದಿನ ದಾರಿಯಲ್ಲೇ ನಿಂತು ನೋಡಿದ ಆಂಟಿ, "ಈ ಹುಡುಗಿಯ ಹಿಟ್ಟಿಗೆ ಜೀವ ಇದೆ" ಎಂದು ಒಳಗೆ ಕರೆದುಕೊಂಡರಂತೆ.

ಮೊದಲ ವರ್ಷದ ಎಡವಟ್ಟನ್ನು ದೇವಕಿ ಈಗಲೂ ನಕ್ಕು ನಕ್ಕು ಹೇಳುತ್ತಾರೆ. "ಆಂಟಿ ಸ್ನಾನಕ್ಕೆ ಹೋಗಿದ್ರು. ನಾನು ಜಾಣೆ ಅಂತ ಉರಿ ಸಣ್ಣ ಮಾಡ್ದೆ. ಬಟ್ಟಲಿಗೆ ಮುಕ್ಕಾಲಷ್ಟೇ ಹಿಟ್ಟು ಹುಯ್ದೆ. ಎಲ್ಲಾ ನುಣ್ಣಗೆ, ಮಲ್ಲಿಗೆ ಇಡ್ಲಿ ಥರ ಬಂದ್ವು! ಬಿರಿದ ಇಡ್ಲಿ ಕಂಡ್ರೆ ನಮ್ಮತ್ತೆ ಬಾಯಿಗೆ ಬಂದಂಗೆ ಬೈತಿದ್ರು. ಶಭಾಷ್ ಅಂತಾರೆ ಅಂದ್ಕೊಂಡ್ರೆ, ಆಂಟಿ ಕಣ್ಣಲ್ಲಿ ನೀರು." ಊರಲ್ಲಿ ಬೈಸಿಕೊಳ್ಳುವ ಬಿರುಕೇ ಇಲ್ಲಿ ಭಾಗ್ಯ. ನುಣುಪು ಕಲಿತ ಕೈಗೆ ಆ ಪಾಠ ಮರೆಸುವುದು ಸುಲಭವಿರಲಿಲ್ಲ.

ಉಳಿದ ದಿನಗಳಲ್ಲಿ ಅವರ ಕೆಲಸ ಬೇರೆ. ಎಳ್ಳು ಮೆತ್ತಿ ಕರಿದ ಉಂಡೆ, ತರಕಾರಿ ತುಂಬಿ ಹಬೆಯಲ್ಲಿ ಬೇಯಿಸಿದ ಬನ್, ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಶುಂಠಿ ಬೆಲ್ಲದ ಪಾಕ ಸುರಿದ ಬಟ್ಟಲು ಎಲ್ಲವೂ ಅವರ ಕೈಯವೇ. ಬೆಳಗಿನ ತಟ್ಟೆಗಳು ಮಧ್ಯಾಹ್ನದೊಳಗೆ ಖಾಲಿ. ಎಂಜಿನಿಯರಿಂಗ್ ಓದುವ ಗಾನವಿ ಮೊದಲ ಸಲ ಬಂದವಳೇ, "ಭಯ್ಯಾ, ಏಕ್ ಚೌಮೀನ್" ಎಂದಿದ್ದಳಂತೆ. ಹಿಂದಿಯ ಧಾಟಿಯಲ್ಲೇ ಊರಿನ ಕಡೆಯವಳೆಂದು ಗುರುತಿಸಿದ ದೇವಕಿ ಒಳಗಿನಿಂದ ಕನ್ನಡದಲ್ಲೇ ಉತ್ತರ ಕೊಟ್ಟರು: "ಚೀನಾ ಅಂದ್ರೆ ಚೌಮೀನ್ ಒಂದೇನಾ ತಾಯಿ? ಕೂತ್ಕೋ, ಬೇರೆ ಕೊಡ್ತೀನಿ." ಶುಂಠಿ ಪಾಕದ ರುಚಿ ಕಂಡ ಹುಡುಗಿ ಖಾಲಿಯಾಗುವವರೆಗೂ ಬಟ್ಟಲು ಕೆಳಗಿಡಲಿಲ್ಲ.

ಈಗ ಬಟ್ಟಲುಗಳಿಗೆ ಅಂಚಿನವರೆಗೂ ಹಿಟ್ಟು ತುಂಬಿದೆ. ಉರಿ ಜೋರಾಗಿದೆ. ಮುಚ್ಚಳ ಬಿದ್ದ ಮೇಲೆ ಯಾರೂ ಮಾತಾಡುವಂತಿಲ್ಲ, ಕೆಟ್ಟ ಮಾತೊಂದು ನುಸುಳಿದರೂ ಹಿಟ್ಟು ಮುನಿಯುತ್ತದೆಂದು ನಂಬಿಕೆ. ಅಷ್ಟರಲ್ಲಿ ಹಾಲಿನ ಭಯ್ಯಾ ಬಾಗಿಲಲ್ಲಿ "ದೀದೀ, ದೂಧ್!" ಎನ್ನುತ್ತಾನೆ. ದೇವಕಿ ಗಾಬರಿಯಿಂದ ತುಟಿಗೆ ಬೆರಳಿಡುತ್ತಾರೆ. ಅವನು ಕ್ಯಾನನ್ನು ಸದ್ದಾಗದಂತೆ ನೆಲಕ್ಕಿಟ್ಟು, ಏನೂ ತಿಳಿಯದಿದ್ದರೂ ಭಕ್ತಿಯಿಂದ ನಿಲ್ಲುತ್ತಾನೆ. ಹಬೆ ಕಿಟಕಿಯಿಂದ ಹೊರಟು ಮಂಜನ್ನು ಸೇರುತ್ತದೆ, ಎಲ್ಲಿ ಹಬೆ ಮುಗಿದು ಎಲ್ಲಿ ಮಂಜು ಶುರುವಾಯಿತೋ ಗೊತ್ತಾಗುವುದಿಲ್ಲ. ಬೆಲ್ಲದ ಪರಿಮಳದಲ್ಲಿ ಗಲ್ಲಿ ಇನ್ನೂ ಕನಸು ಕಾಣುತ್ತಿದೆ.

ಮುಚ್ಚಳ ತೆಗೆಯುವಾಗ ದೇವಕಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ತೆರೆದರೆ, ಕಂದು ಬಣ್ಣದ ಹೂಗಳು ಬಾಯ್ಬಿಟ್ಟು ನಗುತ್ತಿವೆ. ಮೂಲೆಯದೊಂದು ಮಾತ್ರ ಮುಖ ಗಂಟಿಕ್ಕಿಕೊಂಡಿದೆ. ಅದನ್ನು ಹಾಲಿನವನ ಕೈಗಿಡುತ್ತಾರೆ. ಅವರ ಕೆನ್ನೆ ಒದ್ದೆಯಾಗಿರುವುದು ಹಬೆಯಿಂದಷ್ಟೇ ಅಲ್ಲ.

ಮಹಡಿಯ ಮೇಲೆ ಆಂಟಿಯ ಮನೆಯಲ್ಲಿ ಶೂಫೆನ್ ತಟ್ಟೆಯನ್ನು ದಿಟ್ಟಿಸಿ ನೋಡುತ್ತಾಳೆ. ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಪಟದ ಮುಂದಿಡುತ್ತಾಳೆ. ಹೊಸ್ತಿಲಾಚೆ ನಿಂತ ದೇವಕಿಗೆ ಊದುಬತ್ತಿ ಚಾಚಿ, "ಅಂದರ್ ಆವೋ, ದೀದಿ," ಎಂದು ಒಳಗೆ ಕರೆಯುತ್ತಾಳೆ. ದಿಂಬಿಗೊರಗಿದ ಆಂಟಿಯ ಅರ್ಧ ಬಾಯಿ ನಗುತ್ತದೆ.

ಹೇಗನ್ನಿಸುತ್ತಿದೆ ಎಂದು ಕೇಳಿದರೆ ದೇವಕಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಗೆ ಅಡುಗೆ ಮಾಡೋವಾಗ ನಮ್ಮಮ್ಮ ಪಕ್ಕದ ಮನೆಯವರನ್ನ ಒಲೆ ಹತ್ರಾನೂ ಬಿಡ್ತಿರಲಿಲ್ಲ. ನಾನಾಗಿದ್ರೂ ಬಿಡ್ತಿರಲಿಲ್ಲವೇನೋ," ಎನ್ನುತ್ತಾರೆ. "ಇವರು ಬಿಟ್ಟರು."