ಓಖ್ಲಾದ ಬುಡ್ಢಿಯ ಕೊನೆಯ ಪಯಣ

ಧಾರಿಣಿಗೆ ಒಂದು ಕಡೆ ಕೂತು ಗೊತ್ತಿಲ್ಲ. ದಿಲ್ಲಿಯ ಪೀತಮ್‌ಪುರಾದ ನಮ್ಮ ಕಟ್ಟಡದಲ್ಲೇ, ನಮ್ಮ ಕೆಳಗಿನ ಮನೆಯಲ್ಲಿ ಬೆಳೆದ ಹುಡುಗಿ. ಚಿಕ್ಕವಳಿದ್ದಾಗ ನಾನು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಸ್ತೋತ್ರ ಅರ್ಧಕ್ಕೆ ಬರುವಷ್ಟರಲ್ಲಿ ಬಾಲ್ಕನಿಗೆ ಹೋಗಿ, ಅಡುಗೆಮನೆ ಸುತ್ತಿ, ಮತ್ತೆ ಬಂದು, "ಆಂಟಿ, ಮುಗೀತಾ?" ಎನ್ನುತ್ತಿದ್ದಳು.

ಅಂಥವಳು ಕಾಲೇಜಿನಲ್ಲಿ ಎನ್‌ಸಿಸಿಯ ನೌಕಾ ವಿಭಾಗ ಸೇರಿದಳು. ಅವಳ ತಾಯಿ ಅಹಲ್ಯಾಗೆ ನಗು ತಡೆಯಲಾಗಲಿಲ್ಲ.

"ದಿಲ್ಲೀಲಿ ಸಮುದ್ರ ಎಲ್ಲಿದೆಯೇ?"

"ಯಮುನಾ ಹೈ ನಾ, ಮಮ್ಮಿ."

ಓಖ್ಲಾದ ಬ್ಯಾರೇಜಿನ ಹಿಂದೆ ನಿಂತ ಅಗಲವಾದ ನೀರಿನಲ್ಲಿ ಆ ವಿದ್ಯಾರ್ಥಿಗಳ ದೋಣಿ ಇತ್ತು. ಉದ್ದನೆಯ ಮರದ ದೋಣಿ. ಎರಡು ಕಂಬಗಳಿಗೆ ಹಾಯಿ, ಗಾಳಿಯಿಲ್ಲದಾಗ ಐದು ಹುಟ್ಟು. ಎಷ್ಟು ಸಲ ಬಣ್ಣ ಬಳಿದರೂ ಮುದುಕಿಯಂತೆ ನರಳುತ್ತಿದ್ದುದರಿಂದ ಅದಕ್ಕೆ ಬುಡ್ಢಿ ಎಂದು ಹೆಸರು. ರಜಾದಿನಗಳಲ್ಲಿ ಅವರ ಊಟ, ಪರೀಕ್ಷೆಯ ಓದು, ಜಗಳ, ಹುಟ್ಟುಹಬ್ಬ ಎಲ್ಲವೂ ಅದರ ಮೇಲೇ. ಅರ್ಧ ದಿನ ನೀರಿನ ಮೇಲೆ ಹಬ್ಬಿದ ಅಂತರಗಂಗೆ ಕೀಳುವುದರಲ್ಲಿ ಹೋಗುತ್ತಿತ್ತು. ಸೇತುವೆಯಿಂದ ಜನ ಎಸೆದ ಪೂಜೆಯ ಹೂವಿನ ಪ್ಲಾಸ್ಟಿಕ್ ಚೀಲಗಳು ಚುಕ್ಕಾಣಿಗೆ ಸುತ್ತಿಕೊಳ್ಳುತ್ತವೆ ಎಂದು ಧಾರಿಣಿ ಹೇಳಿದ ಮೇಲೆ ನಾನೂ ನಿರ್ಮಾಲ್ಯವನ್ನು ಹೊಳೆಗೆ ಬಿಡುವುದು ನಿಲ್ಲಿಸಿ ತುಳಸಿಯ ಕುಂಡಕ್ಕೆ ಹಾಕತೊಡಗಿದೆ.

ದೋಣಿ ಕಲಿಸುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾದ ಈಶ್ವರಪ್ಪ. ಬುಡ್ಢಿಯ ಮೇಲೆ ಅವರದೊಂದು ಕಟ್ಟಳೆ: ಚುಕ್ಕಾಣಿ ಹಿಡಿದವರು ಮಾತ್ರ ಮಾತಾಡಬೇಕು. ಉಳಿದವರು ಸಲಹೆ ಕೊಡುವಂತಿಲ್ಲ, ಹೆದರಿಸುವಂತಿಲ್ಲ, ಹೊಗಳುವಂತೆಯೂ ಇಲ್ಲ. ದಿಲ್ಲಿಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಧಾರಿಣಿಯ ಕಷ್ಟವೇ ಬೇರೆ. ಚುಕ್ಕಾಣಿ ಕೈಗೆ ಬಂದರೆ ಒಂದೇ ದಿಕ್ಕಿನಲ್ಲಿ ಹಿಡಿದಿರಲು ಅವಳಿಗೆ ಆಗುತ್ತಿರಲಿಲ್ಲ. ಹಿಂದಿನ ವರ್ಷ ಹೀಗೆಯೇ ಅತ್ತಿತ್ತ ತಿರುಗಿಸಿ ದೋಣಿಯನ್ನು ಅಂತರಗಂಗೆಯ ನಡುವೆ ಸಿಕ್ಕಿಸಿದ್ದಳು. ಈಶ್ವರಪ್ಪ ಅವಳ ಕೈಯಿಂದ ಚುಕ್ಕಾಣಿ ತೆಗೆದುಕೊಂಡು, "ನಿನ್ನ ಕೈಗೇನು ಇರುವೆ ಕಚ್ಚಿದೆಯಾ ತಾಯಿ?" ಎಂದರಂತೆ. ಅಂದಿನಿಂದ ಅವಳ ಕೆಲಸ ದೋಣಿಯೊಳಗೆ ಜಿನುಗಿದ ನೀರನ್ನು ಮಗ್ಗಿನಿಂದ ಎತ್ತಿ ಹೊರಗೆ ಚೆಲ್ಲುವುದು.

ಈ ಬೇಸಿಗೆಯಲ್ಲಿ ದೋಣಿ ಪರೀಕ್ಷಿಸಲು ಬಂದವರು, ಹಲಗೆ ಮೆತ್ತಗಾಗಿದೆ, ಇನ್ನು ಸಾಕು ಎಂದರು. ಸೋಮವಾರ ಲಾರಿ ಬಂದು ಒಡೆಯಲು ಒಯ್ಯುವುದೆಂದಾಯಿತು. ಭಾನುವಾರ ಕೊನೆಯ ಪಯಣ: ದೂರದ ಫ್ಲೈಓವರಿನ ಕೆಳಗಿನ ತಿರುವಿನವರೆಗೆ ಹೋಗಿ ಬರುವುದು, ಹಾಯಿಯಿಂದಲೇ. ಕಾಲೇಜಿನ ಕೊನೆಯ ವರ್ಷದವಳು ಧಾರಿಣಿಯೊಬ್ಬಳೇ ಆದ್ದರಿಂದ ಚುಕ್ಕಾಣಿ ಅವಳಿಗೇ ಬಂತು. ಅವಳಿಗೆ ಬೇರೇನೂ ಬೇಕಿರಲಿಲ್ಲ. "ಒಂದೇ ಒಂದು ಸಲ, ಆಂಟಿ. ನೆಟ್ಟಗೆ ಹೋಗಿ ನೆಟ್ಟಗೆ ಬರ್ಬೇಕು. ಬುಡ್ಢಿ ಹೋದ್ಮೇಲೆ ನಾನು ಯಾರಿಗೆ ತೋರಿಸ್ಲಿ?"

ಅಹಲ್ಯಾಗೆ ನೀರೆಂದರೆ ಭಯ. ನನ್ನನ್ನೂ ಜೊತೆಗೆ ಕರೆದುಕೊಂಡು ದಡಕ್ಕೆ ಬಂದರು. ನೊರೆಯನ್ನು ಸರಿಸಿ ಬೆರಳ ತುದಿಗೆ ನೀರು ಮುಟ್ಟಿಸಿಕೊಂಡು ಕಣ್ಣಿಗೊತ್ತಿಕೊಂಡೆ. ಯಮುನೆ ಯಮುನೆಯೇ.

ಗಾಳಿ ಮಾತ್ರ ಇರಲಿಲ್ಲ. ಬೆಳಗಿನಿಂದ ಹಾಯಿಗಳು ಒಣಹಾಕಿದ ಸೀರೆಯಂತೆ ಜೋತುಬಿದ್ದಿದ್ದವು. ಧಾರಿಣಿ ದಡದ ಮೇಲೆ ಆ ತುದಿಯಿಂದ ಈ ತುದಿಗೆ ನಡೆದಳು. ಹಗ್ಗ ಬಿಚ್ಚಿ ಕಟ್ಟಿದಳು. ಮತ್ತೆ ಬಿಚ್ಚಿದಳು. ಅದೇ ತಂಡದ, ದಾವಣಗೆರೆಯಿಂದ ಓದಲು ಬಂದಿದ್ದ ರಜತ್ ಫೋನು ನೋಡಿ, "ಸಂಜೆ ಆಂಧಿ, ಧೂಳಿನ ಬಿರುಗಾಳಿ ಅಂತ ತೋರಿಸ್ತಿದೆ ಧಾರಿಣಿ," ಎಂದ.

"ಈ ವಾರ ಪೂರಾ ಹಾಗೇ ತೋರಿಸ್ತಿದೆ. ಧೂಳಿನ ಒಂದು ಕಣ ಬಂತಾ?"

"ದೀದೀ, ನೀವೇ ಫೂಂಕ್ ಹೊಡೀರಿ, ಹಾಯಿ ತುಂಬತ್ತೆ," ಎಂದಳು ಎಲ್ಲರಿಗಿಂತ ಕಿರಿಯಳಾದ ಕೃತಿ.

ಮಧ್ಯಾಹ್ನ ಇಳಿದ ಮೇಲೆ ಸಣ್ಣಗೆ ಗಾಳಿಯೆದ್ದಿತು. ಈಶ್ವರಪ್ಪ ಎಲ್ಲರ ಲೈಫ್ ಜಾಕೆಟ್ ಎಳೆದು ನೋಡಿ, ತಾವು ದಡದಲ್ಲೇ ಉಳಿದರು. ಬುಡ್ಢಿ ನರಳುತ್ತಾ ಹೊರಟಳು. ದೋಣಿಯ ಮೇಲೆ ನಡೆದದ್ದನ್ನು ಆಮೇಲೆ ಅವರೆಲ್ಲ ಒಬ್ಬೊಬ್ಬರಾಗಿ ನನಗೆ ಹೇಳಿದರು.

ಅರ್ಧ ದಾರಿಯವರೆಗೆ ಧಾರಿಣಿ ಚುಕ್ಕಾಣಿಯನ್ನು ಕದಲಿಸಲಿಲ್ಲವಂತೆ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ ಎಂದ ರಜತ್. ಅಷ್ಟರಲ್ಲಿ ಗಾಳಿ ನಿಂತಿತು. ಕೊಳೆತ ಅಂತರಗಂಗೆಯ ವಾಸನೆಯಲ್ಲಿ ಎಲ್ಲರೂ ಬೆವರುತ್ತಾ ಬಾಯಿ ಮುಚ್ಚಿ ಕೂತರು. ಹುಟ್ಟು ಹಾಕೋಣವೇ ಎಂದು ಕೃತಿ ಕಣ್ಣಿನಲ್ಲೇ ಕೇಳಿದಳು. ಧಾರಿಣಿ ಬೇಡವೆಂದು ತಲೆಯಾಡಿಸಿದಳು.

ಆಗ ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು. ದಿಲ್ಲಿಯ ಬಿಸಿಲಿನಲ್ಲಿ ಬೆಂದವರಿಗೆ ಆ ತಂಪು ಎಷ್ಟು ಹಿತವೆಂದರೆ ದಡದಲ್ಲಿದ್ದ ಅಹಲ್ಯಾ ಸೆರಗು ಸಡಿಲಿಸಿ, "ಆಹಾ, ಬಂತು ನೋಡಿ!" ಎಂದರು. ಹಾಯಿಗಳು ಒಮ್ಮೆಲೇ ಹೊಟ್ಟೆಯುಬ್ಬಿಸಿದವು. ಬುಡ್ಢಿ ಹುಡುಗಿಯಂತೆ ಓಡಿದಳು. ಫ್ಲೈಓವರಿನ ಕಂಬಗಳು ದೊಡ್ಡವಾಗುತ್ತ ಬಂದವು.

ಧಾರಿಣಿ ತಿರುಗಿ ಗಾಳಿ ಬರುವ ದಿಕ್ಕು ನೋಡಿದಳು. ಪಡುವಣದ ಕಟ್ಟಡಗಳ ಮೇಲೆ ಆಕಾಶ ಕಂದುಬಣ್ಣಕ್ಕೆ ತಿರುಗಿತ್ತು. ಒಂದು ಸಾಲು ಕಟ್ಟಡ ಕಾಣದಾಯಿತು, ಆಮೇಲೆ ಅದರ ಮುಂದಿನ ಸಾಲು. ಅವಳು ದೋಣಿಯಲ್ಲಿದ್ದವರ ಮುಖಗಳನ್ನು ನೋಡಿದಳು. ಒಬ್ಬರೂ ಬಾಯಿ ತೆರೆಯಲಿಲ್ಲ. ಹೋಗು ಎನ್ನುವವರಿಲ್ಲ, ಬೇಡ ಎನ್ನುವವರೂ ಇಲ್ಲ. ತಿರುವು ಎದುರಿಗೇ ಇತ್ತು.

"ಹಾಯಿ ಇಳಿಸಿ," ಎಂದಳು. ಯಾರೂ ಅಲುಗಾಡಲಿಲ್ಲ. "ಇಳಿಸ್ರೋ! ಹುಟ್ಟು ಹಾಕಿ! ವಾಪಸ್!"

ಅವರು ಎದುರುಗಾಳಿಗೆ ಹುಟ್ಟು ಹಾಕಿ ಬಂದರು. ದಡ ಹತ್ತಿರವಾಗುವಾಗ ಆಂಧಿ ಬಂದಪ್ಪಳಿಸಿತು. ಧೂಳಿನಲ್ಲಿ ನಮಗೆ ದೋಣಿಯೇ ಕಾಣಲಿಲ್ಲ, ಧಾರಿಣಿಯ ಕೂಗು ಮಾತ್ರ ಕೇಳುತ್ತಿತ್ತು. ಅಹಲ್ಯಾ ನನ್ನ ಕೈಯನ್ನು ಹಿಂಡುತ್ತಿದ್ದರು. ನಾನು ದೇವರ ಹೆಸರು ಹೇಳುತ್ತಿದ್ದೆ, ಯಾವ ದೇವರು ಎಂದು ನೆನಪಿಲ್ಲ. ಧಾರಿಣಿ ದೋಣಿಯನ್ನು ಎಂದಿನಂತೆ ಕಟ್ಟುವ ಮೆಟ್ಟಿಲ ಕಡೆ ಸಾಗಿಸುವ ಗೋಜಿಗೆ ಹೋಗದೆ ನೇರವಾಗಿ ದಡದ ಕಲ್ಲಿಗೇ ನುಗ್ಗಿಸಿದಳು. ಹಲಗೆ ಸೀಳಿದ ಸದ್ದಾಯಿತು. ಈಶ್ವರಪ್ಪ ಸೊಂಟದವರೆಗಿನ ನೀರಿಗಿಳಿದು ಒಬ್ಬೊಬ್ಬರನ್ನೇ ಎಳೆದರು.

ಎಲ್ಲರೂ ಮೇಲೆ ಬಂದು ಕೆಮ್ಮುತ್ತ ನಿಂತಾಗ ಕೃತಿ ಕೈಯೆತ್ತಿ, "ದೀದೀ, ಅಬ್ ಬೋಲೇಂ? ಈಗ ಮಾತಾಡ್ಬಹುದಾ?" ಎಂದಳು. ಎಲ್ಲರೂ ನಕ್ಕರು. ಧಾರಿಣಿ ನಗಲಿಲ್ಲ.

ಆಂಧಿ ಬೇಗನೆ ದಾಟಿಹೋಯಿತು. ನಾಲ್ಕು ಹನಿ ಮಳೆ ಬಿದ್ದು, ಧೂಳು ಅಡಗಿ, ಅದರ ಹಿಂದೆಯೇ ಒಂದೇ ಸಮನೆ ಹಿತವಾದ ಗಾಳಿ ಬೀಸತೊಡಗಿತು. ಹಾಯಿದೋಣಿಯವರು ಬೇಡಿಕೊಂಡರೂ ದಿಲ್ಲಿಯಲ್ಲಿ ಸಿಗದಂಥ ಗಾಳಿ ಎಂದು ರಜತ್ ಹೇಳಿದ. ಧಾರಿಣಿ ಈಶ್ವರಪ್ಪನವರ ಮುಂದೆ ಹೋಗಿ ನಿಂತಳು.

"ಸರ್, ಇನ್ನೂ ಬೆಳಕಿದೆ. ಹೋಗ್ಬಹುದಾ?"

ಅವರು ಬಗ್ಗಿ ಸೀಳಿದ ಹಲಗೆಯ ಸಂದಿಗೆ ಅಂಗೈ ತೂರಿಸಿದರು. ಅಂಗೈ ಪೂರ್ತಿ ಒಳಗೆ ಹೋಯಿತು. "ನೀನು ತಿರುಗಿಸದೇ ಇದ್ದಿದ್ರೆ ನಾನು ನಿನ್ನನ್ನ ಕ್ಷಮಿಸ್ತಿರಲಿಲ್ಲ," ಎಂದರು. "ಆದ್ರೆ ಇವಳು ಇನ್ನು ಏಳಲ್ಲಮ್ಮ."

ಕ್ಷಮೆಯ ಮಾತು ಅವಳಿಗೆ ಬೇಕಿರಲಿಲ್ಲ. ಅವಳು ಕೇಳಿದ್ದು ತಿರುವಿನವರೆಗಿನ ನೀರನ್ನು.

ರಜತ್ ಅವಳ ಜಾಕೆಟ್ ಬಿಚ್ಚಲು ಹೋದ. ಅವಳು ಅವನ ಕೈ ತಳ್ಳಿ, ಮಗ್ಗು ಹುಡುಕಿಕೊಂಡು ದೋಣಿಯೊಳಗೆ ಇಳಿದು ನೀರು ಎತ್ತಿ ಹೊರಗೆ ಚೆಲ್ಲತೊಡಗಿದಳು.

"ನಾಳೆ ಒಡೆಯೋ ದೋಣಿ ಕಣೇ. ಯಾಕೆ ಸುಮ್ನೆ?"

"ಮುಳುಗಿದ್ದನ್ನ ಲಾರಿಗೆ ಕೊಡಲ್ಲ ನಾನು."

ರಜತ್ ತನ್ನ ಶರ್ಟು ಬಿಚ್ಚಿ ಮುದ್ದೆ ಮಾಡಿ ಸೀಳಿಗೆ ತುರುಕಿದ. ಕೃತಿ ತನ್ನ ದುಪಟ್ಟಾ ಕೊಟ್ಟಳು. ಅಹಲ್ಯಾ, ಸಾಕು ಬಾರೇ, ಮೆಟ್ರೋ ತಪ್ಪತ್ತೆ ಎಂದು ಕರೆಯುತ್ತಲೇ ಇದ್ದರು. ನೀರಿನ ಮೇಲೆ ಗಾಳಿ ಬಲವಾದಾಗಲೆಲ್ಲ ಧಾರಿಣಿಯ ಕೈ ನಿಲ್ಲುತ್ತಿತ್ತು. ಅವಳು ಫ್ಲೈಓವರಿನ ಕಡೆ ನೋಡಿ, ಮತ್ತೆ ಬಗ್ಗಿ ಮಗ್ಗು ತುಂಬುತ್ತಿದ್ದಳು.