ಖಾಲಿ ಕಂಡ ಲಾರಿ

ನಿಮ್ಮ ತಾತ ಮೋಟಾರು ಅಪಘಾತದಲ್ಲಿ ತೀರಿಕೊಂಡರು ಅನ್ನುವುದಷ್ಟೇ ನಿಮಗೆ ಗೊತ್ತು. ಈಗ ನೀವೂ ಗಾಡಿ ನಡೆಸುವ ವಯಸ್ಸಿಗೆ ಬಂದಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ. ನಮ್ಮ ಕಡೆ ಹೇರು ಅಂದರೆ ಕಣ್ಣಿಗೆ ಕಾಣುವ ಹೇರು. ಭತ್ತದ ಚೀಲವಾಗಲಿ, ಕಬ್ಬಾಗಲಿ, ಹುಲ್ಲಾಗಲಿ, ಬಂಡಿಯ ಮೇಲೆ ಮಾಳಿಗೆಯೆತ್ತರ ಏರಿರುತ್ತಿತ್ತು. ತುಂಬಿದ ಬಂಡಿ ಯಾವುದು, ಖಾಲಿ ಯಾವುದು ಎಂದು ದೂರದಿಂದಲೇ ತಿಳಿಯುತ್ತಿತ್ತು. ತುಂಬಿದ್ದಕ್ಕೆ ದಾರಿ ಬಿಡುವುದು, ಖಾಲಿ ಬಂಡಿಯ ಬೆನ್ನಿಗೇ ಹೋಗುವುದು. ಅದನ್ನು ಯಾರೂ ನಮಗೆ ಕಲಿಸಿದ್ದಲ್ಲ.

ಮದ್ರಾಸ್ ಸರಕಾರದ ಕಾಲ ಅದು. ನಿಮ್ಮ ತಾತ ಬಟ್ಟೆಯ ಮುಚ್ಚಳದ ಒಂದು ಹಳೆಯ ಕಾರು ತಂದಿದ್ದರು. ಸಂಡೂರಿನಲ್ಲಿ ನನ್ನ ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿಸಿ, ಮಧ್ಯಾಹ್ನ ಉಂಡು ಹೊರಟೆವು. ಕಾರು ನಡೆಸುತ್ತಿದ್ದವರು ಅವರು. ಪಕ್ಕದ ಸೀಟಿನಲ್ಲಿ ನಾದಿನಿ ಕಟ್ಟಿಕೊಟ್ಟ ಹೋಳಿಗೆ ಬುಟ್ಟಿ. ಹಿಂದೆ ನಾನು ಮತ್ತು ನಮ್ಮತ್ತೆ.

ಹೊಸಪೇಟೆ ಕಡೆಯ ಏರು ಶುರುವಾಗುವಲ್ಲಿ ಅದಿರಿನ ಲಾರಿಯೊಂದು ಮುಂದೆ ಸಿಕ್ಕಿತು. ಅದರ ಕೆಂಧೂಳೆಲ್ಲ ನಮ್ಮ ಮೈಮೇಲೆ.

"ಲೇ, ಎಷ್ಟೊತ್ತು ಇದರ ಮಣ್ಣು ತಿನ್ನಬೇಕೋ? ಬಿಳಿ ಸೀರಿ ಕಾವಿ ಆಗೇತಿ. ಕಂಪ್ಲಿ ಮುಟ್ಟೂದ್ರಾಗ ನಾನು ಸ್ವಾಮಿಗಳಾಗ್ತೀನಿ," ಅಂದರು ಅತ್ತೆ.

"ಆಗವ್ವ, ಪಾದಪೂಜಿ ಮಾಡ್ತೀನಿ," ಅಂತ ಅವರು ನಕ್ಕರು. "ಖಾಲಿ ಲಾರಿ ಐತಿ, ಏರು ಹತ್ತಿದ್ರ ಓಡ್ತೈತಿ. ತಡಿ, ಅದನ್ನ ದಾಟಿ ಮುಂದ ಹಾಕ್ತೀನಿ."

ಲಾರಿಯ ಹಲಗೆಗಳ ಮೇಲೆ ನಿಜಕ್ಕೂ ಏನೂ ಕಾಣುತ್ತಿರಲಿಲ್ಲ. ನನಗೂ ಖಾಲಿಯೇ ಅನಿಸಿತು. ಅದಿರು ಭಾಳ ಭಾರ, ಅರ್ಧ ಹಲಗೆಗೆ ಬರುವ ಮೊದಲೇ ಲಾರಿಗೆ ಸಾಕಾಗುತ್ತದೆ ಎಂಬುದು ಸಂಡೂರಿನವರಿಗೆಲ್ಲ ಗೊತ್ತು. ಭತ್ತದ ಊರಿನವರಾದ ನಮಗೆ ಗೊತ್ತಿರಲಿಲ್ಲ.

ಅವರು ವೇಗ ಹೆಚ್ಚಿಸಿ ಹತ್ತಿರ ಹೋದರು. ಲಾರಿ ಗರ್ರ್ ಎಂದು ಏರಿನಲ್ಲೇ ನಿಂತುಬಿಟ್ಟಿತು. ಬ್ರೇಕ್ ಒತ್ತಿದರೂ ಕಾರು ಸಡಿಲ ಕಲ್ಲುಗಳ ಮೇಲೆ ಜಾರಿತು. ಗುದ್ದಿದ ಸಪ್ಪಳ ಕೇಳಲೇ ಇಲ್ಲ. ಲಾರಿಯ ಹಿಂಗಾಲಿಗಳು ಬಹಳ ಒಳಗಿದ್ದವು, ಹಿಂದಿನ ತೊಲೆ ನಮ್ಮ ಕಾರಿನ ಮೂತಿಗಿಂತ ಎತ್ತರದಲ್ಲಿತ್ತು. ಗವಿಯೊಳಗೆ ಹೊಕ್ಕಂತೆ ಕಾರು ಅದರ ಕೆಳಗೆ ಹೊಕ್ಕಿತು. ಆ ತೊಲೆಗೆ ಮೊದಲು ಅಡ್ಡ ಬಂದದ್ದು ಗಾಜು, ಆಮೇಲೆ ನಿಮ್ಮ ತಾತನ ಎದೆ.

ಲಾರಿ ಡ್ರೈವರ್ ಇಳಿದು ಓಡಿಬಂದ. ಅವನ ಜೊತೆಯವನು ಗಾಲಿಗಳಿಗೆ ಕಲ್ಲು ಕೊಡುತ್ತಿದ್ದ.

"ಲಾರಿ ಮುಂದ ತಗೀರಿ!" ಅಂತ ಚೀರಿದೆ.

"ಆಗಂಗಿಲ್ಲಮ್ಮ. ಕಲ್ಲು ತಗದ್ರ ಹಿಂದಕ್ಕ ಜಾರತೈತಿ. ಪೂರಾ ಲೋಡ್ ಐತಿ."

"ಲೋಡ್ ಐತೇನು?" ಅಂದರು ನಿಮ್ಮ ತಾತ, ತೊಲೆಯ ಕೆಳಗಿಂದ. ಅವರಿಗೆ ನೋವಿಗಿಂತ ಆಶ್ಚರ್ಯವೇ ಹೆಚ್ಚಾಗಿದ್ದಂತಿತ್ತು.

ಅದಿರು ಇಳಿಸಿದರೆ ಲಾರಿಯ ಅಡಿಯ ಸ್ಪ್ರಿಂಗ್ ಪಟ್ಟಾ ಹಗುರಾಗಿ ತೊಲೆ ಮೇಲೇಳುತ್ತದೆ ಅಂದ ಡ್ರೈವರ್. ಹಿಂದಿನ ಹಲಗೆ ತೆಗೆಯುವಂತಿರಲಿಲ್ಲ, ತೆಗೆದರೆ ಅಷ್ಟೂ ಕಾರಿನ ಮೇಲೇ ಸುರಿಯುತ್ತಿತ್ತು. ಪಕ್ಕದಿಂದ ಎತ್ತಿ ಎಸೆಯಬೇಕು. ಗಣಿಯಿಂದ ಮನೆಗೆ ಹೊರಟಿದ್ದ ಹೆಣ್ಣಾಳುಗಳು ಬುಟ್ಟಿ ಹಿಡಿದು ಹತ್ತಿದರು. ಪರಗಂಡಸರ ಮುಂದೆ ತಲೆ ಎತ್ತದ ನಾನು ಸೆರಗು ಕಟ್ಟಿ ಗಾಲಿ ತುಳಿದು ಮೇಲೇರಿದೆ. ಬುಟ್ಟಿ ಸಿಗಲಿಲ್ಲ. ಬರಿಗೈಯಲ್ಲೇ ಎಸೆದೆ. ಎಷ್ಟು ಎಸೆದರೂ ರಾಶಿ ಹಾಗೇ ಕಾಣುತ್ತಿತ್ತು.

ಅತ್ತೆ ಕಾರಿನಲ್ಲೇ ಕೂತು ಮಗನ ತಲೆ ಹಿಡಿದಿದ್ದರು. "ತೊಲಿ ಎದ್ದೈತಿ! ಒಂದು ಬೆರಳಷ್ಟು ಎದ್ದೈತಿ! ಹಾಕ್ರಿ ತಾಯಿ, ನಿಲ್ಲಿಸಬ್ಯಾಡ್ರಿ!" ಎಂದು ಕೂಗುತ್ತಿದ್ದರು.

ಕೊನೆಗೆ ನಿಮ್ಮ ತಾತನನ್ನು ಎಳೆದು ಹೊರಗೆ ಮಲಗಿಸಿದರು. ನಾನು ನೀರು ಕುಡಿಸಲು ಹೋದೆ. "ನಿನ್ನ ಕೈಯಾಗ ರಕ್ತ," ಅಂದರು. ನಾನು ಕೇಳಿದ ಅವರ ಕಡೆಯ ಮಾತು ಅದು. ಎದುರಿಗೆ ಬಂದ ಬಸ್ಸನ್ನು ತಿರುಗಿಸಿ ಹೊಸಪೇಟೆಯ ಆಸ್ಪತ್ರೆಗೆ ಹೊರಟೆವು. ಊರು ಮುಟ್ಟುವ ಮೊದಲೇ ಅತ್ತೆ ಮಗನ ಕಣ್ಣು ಮುಚ್ಚಿಸಿದರು.

ಕಾರನ್ನು ನೋಡಿದ ಮೋಟಾರು ಮೇಸ್ತ್ರಿ ಮನೆಗೆ ಬಂದು, "ಇಂಜಿನ್ನಿಗೆ ಏನೂ ಆಗಿಲ್ರಮ್ಮ. ದೀಪ ಸೈತ ಒಡದಿಲ್ಲ. ಗಾಜು, ಬಟ್ಟಿ ಹಾಕಿದ್ರ ಮಸ್ತ್ ಓಡ್ತೈತಿ," ಅಂದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಇದ್ದದ್ದನ್ನು ಹೇಳಿದ. ಮುಂದಿನ ಗಟ್ಟಿ ಕಬ್ಬಿಣಕ್ಕೆ ಯಾವುದೂ ತಗುಲಿರಲೇ ಇಲ್ಲ. ತಗುಲಿದ್ದರೆ ಅದು ಸೊಟ್ಟಾಗಿ ಕಾರು ಅಲ್ಲೇ ನಿಂತುಬಿಡುತ್ತಿತ್ತು, ನಿಮ್ಮ ತಾತ ಉಳಿಯುತ್ತಿದ್ದರೇನೋ.

ಮಲಪನಗುಡಿಯ ಕಡೆಯವರೊಬ್ಬರು ಆ ಕಾರನ್ನು ಕೊಂಡರು. ಗಾಜು ಹಾಕಿಸಿ ಭಾಳ ವರ್ಷ ಓಡಿಸಿದರು. ಹೊಸಪೇಟೆ ಪೇಟೆಯಲ್ಲಿ ಒಮ್ಮೆ ಅದು ನನ್ನ ಪಕ್ಕದಲ್ಲೇ ಹೋಯಿತು. ಮುಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ತೊಡೆಯ ಮೇಲೆ ಕೂಸನ್ನು ನಿಲ್ಲಿಸಿಕೊಂಡಿದ್ದಳು. ಆ ಕೂಸು ಎರಡೂ ಅಂಗೈಯನ್ನು ಹೊಸ ಗಾಜಿಗೆ ಒತ್ತಿ ಹಿಡಿದಿತ್ತು.