ನಾಗೂಬಾಯಿಯ ಕುರಿಗಳು ಹೊಳೆ ದಾಟಿದ್ದು

ಇಚಲಕರಂಜಿ ಪಕ್ಕದ ಕೊರೋಚಿಯಲ್ಲಿ ಮಧ್ಯಾಹ್ನ ಕರೆಂಟು ಹೋಯಿತೆಂದರೆ ಬೆಳಗಿನಿಂದ ಬಡಿದುಕೊಳ್ಳುತ್ತಿದ್ದ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಓಣಿಯ ಗಂಡಸರು ಚಹಾಕ್ಕೆ ಹೊರಡುತ್ತಾರೆ. ನಾಗೂಬಾಯಿ ಮಾತ್ರ ನೂಲು ಸುತ್ತುವ ಕಾಂಡಿ ಯಂತ್ರದ ಪಕ್ಕದ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಅದು ನಿದ್ದೆಯಲ್ಲ, ಎಚ್ಚರವೂ ಅಲ್ಲ. ಕಿವಿಯೊಳಗೆ ಉಳಿದ ಮಗ್ಗದ ಸದ್ದು ಮೆಲ್ಲಗೆ ಕರಗಿ ಗೊರಸಿನ ಸದ್ದಾಗುತ್ತಿತ್ತು. ಆಮೇಲೆ ಕುರಿಗಳು ಬರುತ್ತಿದ್ದವು. ಮೊದಲು ಕಾಲು, ನಂತರ ಧೂಳು, ಕೊನೆಗೆ ಮೈ. ಎಲ್ಲಿಂದ ಬಂದವು, ಯಾರವು ಎಂದು ಅವಳು ಕೇಳುತ್ತಿರಲಿಲ್ಲ. ಕರೆಂಟು ಬರುವವರೆಗೆ ನೋಡುತ್ತ ಕೂರುತ್ತಿದ್ದಳು.

ಅವಳು ಹುಟ್ಟಿದ್ದು ಗಡಿಂಗ್ಲಜದ ಕಡೆಯ ಒಂದು ಕುರುಬರ ಮನೆಯಲ್ಲಿ. ಮನೆ ಎನ್ನುವುದು ವರ್ಷದಲ್ಲಿ ಕೆಲವೇ ತಿಂಗಳ ಮಾತು. ಮಳೆ ಜೋರಾಗುವ ಮೊದಲು ಕುರಿ ಹೊಡೆದುಕೊಂಡು ಮೂಡಣದ ಒಣ ಸೀಮೆಗೆ ಹೋಗುವುದು, ಚಳಿ ಬೀಳುವಾಗ ಹಿರಣ್ಯಕೇಶಿ ಹೊಳೆ ದಾಟಿ ತಿರುಗಿ ಬರುವುದು. ಗಡಿಗೆ, ಕಂಬಳಿ, ಹುಟ್ಟಿ ಎರಡು ದಿನವಾದ ಮರಿಗಳು ಎಲ್ಲವೂ ತಟ್ಟು ಕುದುರೆಯ ಬೆನ್ನ ಮೇಲೆ. ಆ ಸಾಮಾನಿನ ನಡುವೆ ಪುಟ್ಟ ನಾಗೂಬಾಯಿ. ಮೇಲಿನಿಂದ ನೋಡಿದರೆ ಕುರಿಯ ಬೆನ್ನುಗಳು ಒಂದೇ ಸಮ ಹರಿಯುತ್ತಿದ್ದವು. ಕೆಳಗಿಳಿದು ನಡೆದರೆ ಬರೀ ಕಾಲುಗಳು. ಹಿಂದಿನ ಕಾಲು ಎತ್ತಿತೆಂದರೆ ಅದೇ ಮಗ್ಗುಲಿನ ಮುಂದಿನ ಕಾಲು ಏಳಬೇಕು, ಆಮೇಲೆ ಆಚೆಯ ಮಗ್ಗುಲು. ಇದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ದಾರಿ ಉದ್ದವಿತ್ತು, ನೋಡಲು ಬೇರೇನೂ ಇರಲಿಲ್ಲ.

ನಡುವೆ ಎರಡು ವರ್ಷ ಸೋದರತ್ತೆಯ ಮನೆಯಲ್ಲಿದ್ದು ಮರಾಠಿ ಶಾಲೆಗೆ ಹೋದಳು. ಅಲ್ಲಿ ಪುಸ್ತಕದ ಮೂಲೆಯಲ್ಲಿ ಪುಟಕ್ಕೊಂದು ಕುರಿ ಬರೆದಳು. ಪ್ರತಿ ಪುಟದಲ್ಲೂ ಕಾಲು ಒಂದಿಷ್ಟೇ ಬೇರೆ. ಹೆಬ್ಬೆರಳು ಒತ್ತಿ ಪುಟಗಳನ್ನು ಸರ್ರನೆ ಬಿಟ್ಟರೆ ಕುರಿ ನಡೆಯುತ್ತಿತ್ತು. ಮೊದಲ ಸಲ ನಡೆದಾಗ ಅವಳು ಪುಸ್ತಕ ಮುಚ್ಚಿ ಕೆಳಗಿಟ್ಟು, ಒಳಗೆ ಅದು ಇನ್ನೂ ನಡೆಯುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿದ್ದಳಂತೆ.

ಮದುವೆಯಾಗಿ ಕೊರೋಚಿಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಮಗ್ಗ ನಡೆಸುವುದು ಗಂಡ ಗುಂಡುವಿನ ಕೆಲಸ, ಕಾಂಡಿ ಸುತ್ತುವುದು ಅವಳದು. ಮಗ ಶುಭಮನ ಒಂದು ಪುಸ್ತಕವೂ ರದ್ದಿಗೆ ಹೋಗಲಿಲ್ಲ. ಭೂಗೋಳದಲ್ಲಿ ಒಂದು ಟಗರು ಓಡುತ್ತಿತ್ತು, ಗಣಿತದಲ್ಲಿ ಮರಿಯೊಂದು ಎದ್ದು ನಿಲ್ಲಲು ಒದ್ದಾಡುತ್ತಿತ್ತು. ನೆರೆಯವರು ನೋಡಿ ನಕ್ಕು ಹೋಗುತ್ತಿದ್ದರು. ಅವಳೂ ನಗುತ್ತಿದ್ದಳು.

ಶುಭಮನ ಮದುವೆಯಾಗಿ ದೀಪಾಲಿ ಮನೆಗೆ ಬಂದಳು. ಇಚಲಕರಂಜಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಹುಡುಗಿ. ದೀಪಾವಳಿಗೆ ಅಟ್ಟ ಝಾಡಿಸುವಾಗ ಆ ಪುಸ್ತಕಗಳು ಕೈಗೆ ಸಿಕ್ಕವು. ಒಂದರ ಪುಟ ಬಿಟ್ಟಳು, ಇನ್ನೊಂದನ್ನು ಬಿಟ್ಟಳು, ಝಾಡಿಸುವುದನ್ನು ಮರೆತು ಏಣಿಯ ಮೇಲೆಯೇ ಕೂತಳು.

"ಅತ್ತೀ, ಇದನ್ನ ಯಾರ ಕಲಿಸ್ಯಾರ್ರೀ ನಿಮಗ?"

"ಯಾರ ಕಲಿಸ್ತಾರವಾ. ಕುರಿ ಹಿಂದ ನಡದ್ರ ಕಾಲ ಕಾಣತಾವ. ಬ್ಯಾರೆ ಏನ ಕಾಣತೈತಿ?"

ಅಂದೇ ಸಂಜೆ ದೀಪಾಲಿ ಅತ್ತೆಯ ಫೋನಿನಲ್ಲಿ ಚಿತ್ರ ನಡೆಸುವ ಒಂದು ಆ್ಯಪ್ ಹಾಕಿಕೊಟ್ಟಳು. ಬೆರಳಿನಿಂದ ಬರೆಯುವುದು, ಒಂದರ ಮೇಲೊಂದು ಚಿತ್ರ ಪೇರಿಸುವುದು, ಆಮೇಲೆ ಒತ್ತಿದರೆ ನಡೆಯುತ್ತದೆ. ನಾಗೂಬಾಯಿಗೆ ಕಲಿಯಲು ಒಂದು ವಾರ ಬೇಕಾಯಿತು. ನಂತರ ಅವಳು ಒಂದು ಕುರಿಗೆ ನಿಲ್ಲಲಿಲ್ಲ. ಇಡೀ ಹಿಂಡು ತಂದಳು. ದಂಡೆ ತಂದಳು, ಹೊಳೆ ತಂದಳು. ಹಿಂಡನ್ನು ಹಿರಣ್ಯಕೇಶಿ ದಾಟಿಸಬೇಕು ಎಂದು ಮನಸ್ಸಿನಲ್ಲಿತ್ತು.

ಹಿಂಡು ನೀರಿಗಿಳಿಯಿತು, ಹೊಟ್ಟೆಯ ತನಕ ನೀರು ಬಂತು. ಅಲ್ಲಿಗೆ ಫೋನು ಕಾದ ಹಂಚಿನಂತಾಗಿ ನಿಂತುಬಿಟ್ಟಿತು. ಬಂದ್ ಮಾಡಿ ಚಾಲೂ ಮಾಡಿದರೂ ಅಷ್ಟೇ. ನಡುನೀರಿನ ತನಕ ಬರುವುದು, ನಿಲ್ಲುವುದು.

ಅವತ್ತಿನಿಂದ ಅವಳ ಮಧ್ಯಾಹ್ನದ ಕನಸು ಕೆಟ್ಟಿತು. ಕಣ್ಣು ಮುಚ್ಚಿದರೆ ಕುರಿಗಳು ನೀರಿನಲ್ಲೇ ನಿಂತಿರುತ್ತಿದ್ದವು. ಮುಂದಿನದು ದಂಡೆಯತ್ತ ಮುಖ ಮಾಡಿ, ಹಿಂದಿನದು ಅವಳತ್ತ ಕತ್ತು ಹೊರಳಿಸಿ. ನೀರು ಮಾತ್ರ ಹರಿಯುತ್ತಿತ್ತು.

"ಥಂಡಿ ಹತ್ತಿರಬೇಕ ಅವಕ್ಕ," ಎಂದಳು ಊಟಕ್ಕೆ ಬಡಿಸುತ್ತ.

ಗುಂಡು ರೊಟ್ಟಿ ಮುರಿಯುವುದನ್ನು ಬಿಟ್ಟು ಹೆಂಡತಿಯ ಮುಖ ನೋಡಿದ. ತಮಾಷೆ ಮಾಡುತ್ತಾಳೋ ಏನೋ ಎಂದು. ಅವಳು ಮಾಡುತ್ತಿರಲಿಲ್ಲ. "ಹಂಗಾರ ದೊಡ್ಡ ಪರದೆದ್ದ ತಗೊಳ್ಳೂಣು," ಎಂದ. "ಫೋನಿನಾಗ ನಿನ್ನ ಕುರಿ ನನಗ ಇರಿವಿ ಕಂಡಂಗ ಕಾಣತಾವ."

ಹೀಗೆ ಟ್ಯಾಬ್ಲೆಟ್ಟಿನ ಮಾತು ಬಂತು. ದೀಪಾಲಿ ಬಲ್ಲಷ್ಟು ಬಿಡಿಸಿ ಹೇಳಿದಳು. ಪ್ರೊಸೆಸರ್ ಎಂದರೆ ಒಳಗೆ ಕೂತು ದುಡಿಯುವ ಚಿಪ್ಪು. ಬೆರಳು ಹೇಳಿದ್ದನ್ನು ಗೆರೆ ಮಾಡುವುದು, ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸುವುದು ಅದರ ಕೆಲಸ. ಸ್ಟೋರೇಜ್ ಎಂದರೆ ಬರೆದದ್ದನ್ನೆಲ್ಲ ಇಡುವ ಜಾಗ.

"ಅಂದ್ರ ಒಂದು ಕುರಿ ಕಾಯಾಂವಾ, ಒಂದು ದೊಡ್ಡಿ," ಎಂದಳು ನಾಗೂಬಾಯಿ.

"ಹೌದ್ರೀ ಅತ್ತೀ, ಹಂಗ ಅನ್ನರಿ."

ಮೊದಲು ಹೋದದ್ದು ಇಚಲಕರಂಜಿಯ ಒಂದು ದೊಡ್ಡ ಅಂಗಡಿಗೆ. ಅಲ್ಲಿಯ ಮಾರುವವನು ಕನ್ನಡಿಯಂತೆ ಹೊಳೆಯುವ ಒಂದು ಟ್ಯಾಬ್ಲೆಟ್ಟನ್ನು ಮುಂದಿಟ್ಟ. "ಇದರಾಗ ಎರಡನೂರಾ ಐವತ್ತಾರು ಜೀಬಿ ಸ್ಟೋರೇಜ್ ಐತ್ರಿ ಮಾವಶಿ. ಎಷ್ಟ ಭಜನಿ ತುಂಬಿದ್ರೂ ತುಂಬಂಗಿಲ್ಲ." ನಾಗೂಬಾಯಿ ಬೆರಳಿಟ್ಟು ಕುರಿಯ ಬೆನ್ನು ಎಳೆದಳು. ಬೆರಳು ಬಾಲದ ಹತ್ತಿರ ಬಂದಿತ್ತು, ಗೆರೆ ಇನ್ನೂ ಕುತ್ತಿಗೆಯ ಹತ್ತಿರವಿತ್ತು. ಅವಳು ಬೆರಳೆತ್ತಿ ಕಾದಳು. ಗೆರೆ ನಿಧಾನಕ್ಕೆ ಬಂದು ಸೇರಿತು. ದೀಪಾಲಿ ಫೋನಿನಿಂದ ಹೊಳೆಯ ಚಿತ್ರ ಕಳಿಸಿ ನಡೆಸಿದಳು. ಕುರಿಗಳು ಇಳಿದವು, ಇನ್ನೆರಡು ಹೆಜ್ಜೆ ಮುಂದೆ ಹೋದವು, ನಿಂತವು.

"ಇಷ್ಟ ಜಾಗಾ ಇದ್ದೂ ಯಾಕ ನಿಂತಾವ?" ನಾಗೂಬಾಯಿ ಕೇಳಿದಳು.

"ಚಿಪ್ಪ ಸಣ್ಣದ್ದ ಐತ್ರೀ ಅತ್ತಿ. ದೊಡ್ಡಿ ಭಾಳ ದೊಡ್ಡದೈತಿ, ಕಾಯಾಂವಾ ಸುಸ್ತಾಗ್ಯಾನ," ಎಂದು ದೀಪಾಲಿ ಅವಳ ಕೈ ಹಿಡಿದು ಹೊರಗೆ ಕರೆತಂದಳು.

ಮುಂದಿನ ರಜೆಗೆ ಅತ್ತೆ ಸೊಸೆ ಇಬ್ಬರೂ ಕೊಲ್ಹಾಪುರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಬ್ಬು. ಬೆಲ್ಲದ ಗಾಣದ ಹೊಗೆ ಹೊಲದ ಮೇಲೆ ಮಲಗಿತ್ತು. ಆ ಹೊಗೆಯೊಳಗೆ ಏನೋ ಬೆಳ್ಳಗೆ ಸರಿದಂತಾಗಿ ನಾಗೂಬಾಯಿ ಕಿಟಕಿಗೆ ಮುಖ ಹಚ್ಚಿದಳು. ಬಸ್ಸು ಅಷ್ಟರಲ್ಲಿ ಹೊರಳಿತ್ತು.

ರಾಜಾರಾಮಪುರಿಯ ಒಂದು ಓಣಿಯಲ್ಲಿ ಅವಧೂತ ಎಂಬವನ ಮೊಬೈಲ್ ಅಂಗಡಿ. ಅಗಲ ಕಡಿಮೆ, ಉದ್ದ ಹೆಚ್ಚು. ಅವಧೂತ ನಡುವಯಸ್ಸಿನ, ಅವಸರವಿಲ್ಲದ ಮನುಷ್ಯ. ಟ್ಯಾಬ್ಲೆಟ್ ಬೇಕು ಎಂದಾಗ ಕುರ್ಚಿ ತೋರಿಸಿ, "ಕಾಯ್ ಕರಣಾರ ಮಾವಶೀ ತ್ಯಾಚ್ಯಾವರ?" ಎಂದು ಮರಾಠಿಯಲ್ಲಿ, ಅಂದರೆ ಅದರ ಮೇಲೆ ಏನು ಮಾಡುತ್ತೀರಿ ಚಿಕ್ಕಮ್ಮಾ ಎಂದು, ಕೇಳಿದ.

ನಾಗೂಬಾಯಿ ತನಗೇ ಗೊತ್ತಿಲ್ಲದೆ ಕನ್ನಡದಲ್ಲಿ ಹೇಳಿದಳು. "ಕುರಿ ಹೊಳಿ ದಾಟಸೂದೈತ್ರಿ."

ಅವನೂ ಕನ್ನಡಕ್ಕೆ ಹೊರಳಿದ. "ನಮ್ಮವ್ವ ಗಡಿಂಗ್ಲಜದಾಕಿನರೀ. ಯಾವ ಹೊಳಿ?"

ದೀಪಾಲಿ ಚಿತ್ರ ತೋರಿಸಿದಳು. ಅವಧೂತ ಅದನ್ನು ಎರಡು ಸಲ ನೋಡಿದ. ಒಳಗೆ ಹೋಗಿ ಮೂರು ಟ್ಯಾಬ್ಲೆಟ್ ತಂದ. ಮೊದಲನೆಯದರಲ್ಲಿ ಜಾಗ ಬೇಕಾದಷ್ಟು, ಚಿಪ್ಪು ಸಾಧಾರಣ. ನಾಗೂಬಾಯಿ ಒಂದು ಗೆರೆ ಎಳೆದು ಪಕ್ಕಕ್ಕೆ ಸರಿಸಿದಳು. ಎರಡನೆಯದು ಈ ವರ್ಷದ್ದು. ಚಿಪ್ಪು ಚುರುಕು, ಸ್ಟೋರೇಜ್ ಅರವತ್ನಾಲ್ಕು. ಅದರ ಮೇಲೆ ಬೆರಳಿಟ್ಟಾಗ ಗೆರೆ ಬೆರಳ ಜೊತೆಗೇ ಬಂತು. ಮೂರನೆಯದು ಹೋದ ವರ್ಷದ್ದು, ಗಾಜಿನ ಪೆಟ್ಟಿಗೆಯಲ್ಲಿ ತೋರಿಕೆಗೆ ಇಟ್ಟದ್ದು. ಸ್ಟೋರೇಜ್ ನೂರಾ ಇಪ್ಪತ್ತೆಂಟು.

"ಹೋದ ವರ್ಷದ್ದ ಯಾಕ್ರಿ?" ದೀಪಾಲಿಗೆ ಸಂಶಯ.

"ಹೆಸರ ಹಳೇದ್ರಿ ತಂಗಿ. ಆದ್ರ ಆವಾಗ ಇದು ಮ್ಯಾಲಿನ ದರ್ಜೆದ್ದ ಇತ್ತು. ಚಿಪ್ಪ ಈಗಿನ ಈ ಹೊಸಾದಕ್ಕಿಂತ ಜೋರ ಐತಿ. ಒಂದ ಮಾತ ಮುಚ್ಚಿಡಂಗಿಲ್ಲ, ಇದಕ್ಕ ಹೊಸ ಸಾಫ್ಟ್‌ವೇರ್ ಬರೂದು ಒಂದ ವರ್ಷ ಮೊದಲ ನಿಲ್ಲತೈತಿ." ಆಮೇಲೆ ನಾಗೂಬಾಯಿಯತ್ತ ತಿರುಗಿ, "ನಾ ಹೇಳೂದ ಬ್ಯಾಡ. ನೀವ ಬರದ ನೋಡ್ರಿ. ಗಡಬಡಿ ಇಲ್ಲ," ಎಂದ.

ಅವಳು ಆ ಮೂರನೆಯ ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಹಿಂದಿನ ಕಾಲು ಬರೆದಳು. ಅದೇ ಮಗ್ಗುಲಿನ ಮುಂದಿನ ಕಾಲು ಬರೆದಳು. ರಿಕ್ಷಾಗಳ ಹಾರ್ನು ದೂರ ಸರಿಯಿತು. ಯಾರೋ ಗಿರಾಕಿ ಚಾರ್ಜರಿಗೆ ಚೌಕಾಸಿ ಮಾಡುತ್ತಿದ್ದ, ಅವನ ಧ್ವನಿಯೂ ನೀರಿನಾಚೆಯಿಂದ ಬಂದಂತಾಯಿತು. ಗೆರೆ ಬೆರಳನ್ನು ಬಿಟ್ಟು ಹಿಂದೆ ಉಳಿಯುತ್ತಿರಲಿಲ್ಲ. ಬೆರಳು ಎಲ್ಲಿ ಮುಗಿದು ಗೆರೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯಲಿಲ್ಲ. ತಂಪು ಗಾಜು ತಂಪು ನೀರಾಗಿತ್ತು. ಅವಳು ಒಂದೊಂದನ್ನೇ ಕರೆದಂತೆ ಬರೆಯುತ್ತ ಹೋದಳು. ಕೊನೆಗೆ ದೀಪಾಲಿ ಬಗ್ಗಿ, ಫೋನಿನ ಚಿತ್ರಕ್ಕೆ ಇವನ್ನೂ ಕೂಡಿಸಿ, ಒತ್ತಿದಳು.

ಹಿಂಡು ನೀರಿಗಿಳಿಯಿತು. ಹೊಟ್ಟೆಯ ತನಕ ನೀರು. ಹಿಂಡು ನಿಲ್ಲಲಿಲ್ಲ. ಮುಂದಿನ ಕುರಿ ಕತ್ತು ಎತ್ತಿ, ಮೈ ಝಾಡಿಸಿ, ಆಚೆಯ ದಂಡೆಗೆ ಕಾಲಿಟ್ಟಿತು.

"ಹತ್ತಿತ ನೋಡವಾ," ಎಂದಳು.

ಹೊಸದರಲ್ಲೂ ಹಿಂಡು ದಾಟಿತು, ಉಳಿದದ್ದು ಸ್ಟೋರೇಜಿನ ಪ್ರಶ್ನೆ. ಅರವತ್ನಾಲ್ಕರದ್ದೇ ಸಾಕು, ಹೊಸದೂ ಆಯಿತು, ಹಿಂಡು ದಾಟಿದ ಮೇಲೆ ಬರೆದದ್ದನ್ನೆಲ್ಲ ಅಳಿಸಿಬಿಡುತ್ತೇನೆ ಎಂದು ನಾಗೂಬಾಯಿ ಅಂದಳು. ಪುಸ್ತಕದ ಮೂಲೆಗಳಲ್ಲಿ ಬರೆದವಳಿಗೆ ಜಾಗದ ಆಸೆ ಇರಲಿಲ್ಲ.

ಅವಧೂತ ತಲೆಯಾಡಿಸಿದ. "ಅಳಸ್ರಿ ಬೇಕಾರ. ಮುಗದ ಸಿನಿಮಾ ಉಳಿತೈತಿ. ಬಿಡಿ ಚಿತ್ರ ಹೋದ್ರ ಹೋದೂವು. ನಾಳೆ ಒಂದ ಕುರಿ ಕಾಲ ತಪ್ಪೈತಿ ಅನಿಸಿದ್ರ ತಿದ್ದಾಕ ಬರಂಗಿಲ್ಲ. ಮತ್ತ ಅರವತ್ನಾಕರಾಗ ಒಂದ ಪಾಲು ಅದರದ ಸಾಮಾನ ತಿಂದ ಬಿಡತೈತ್ರಿ."

ಪುಸ್ತಕದಲ್ಲಿ ತಪ್ಪಿದ ಕಾಲುಗಳು ಹಾಗೇ ಉಳಿದಿದ್ದವು. ಅವುಗಳ ಚಿಂತೆ ನಾಗೂಬಾಯಿ ಎಂದೂ ಮಾಡಿರಲಿಲ್ಲ. ಈಗ ಒಂದೊಂದೂ ಕಣ್ಣ ಮುಂದೆ ಬಂತು. ಭೂಗೋಳದ ಟಗರಿನ ಎಡಗಾಲು, ಗಣಿತದ ಮರಿಯ ಮೊಣಕಾಲು.

"ತಿದ್ದಾಕ ಬರತೈತಿ ಅಂದ್ರ," ಎಂದಳು ಮೆಲ್ಲಗೆ, "ಇಟ್ಟಿರೂದ ಚಲೋ."

ದೀಪಾಲಿಗೂ ಅದೇ ಸರಿ ಅನ್ನಿಸಿತು. ಹೋದ ವರ್ಷದ್ದನ್ನೇ ಕೊಂಡರು.

ಚಳಿಗಾಲವಿಡೀ ನಾಗೂಬಾಯಿ ಬರೆದಳು. ಮಗ್ಗ ನಿಂತ ಮಧ್ಯಾಹ್ನಗಳಲ್ಲಿ ಅವಳು ಈಗ ಕಣ್ಣು ಮುಚ್ಚುತ್ತಿರಲಿಲ್ಲ. ಗುಂಡು ಪಕ್ಕದಲ್ಲಿ ಕೂತು, ಯಾವುದು ಇನ್ನೂ ನೀರಿನಲ್ಲಿದೆ ಎಂದು ಹೇಳುತ್ತಿದ್ದ. ಹೊಳೆಗೆ ಬೆಳಗಿನ ಮಂಜು ಬಂತು. ಮಂಜಿನೊಳಗಿಂದ ಮರಿಗಳು ಬಂದವು. ಎಲ್ಲವೂ ದಾಟಿದ ದಿನ ಅವಳು ಗಡಿಂಗ್ಲಜಕ್ಕೆ, ಅಣ್ಣ ಅಲ್ಲಪ್ಪನ ಕಡೆಗೆ ಹೊರಟಳು. ಅಲ್ಲಪ್ಪ ಇನ್ನೂ ಕುರಿ ಸಾಕುತ್ತಿದ್ದ. ಆಗ ಊರಾಚೆಯ ಕೊಯ್ದ ಹೊಲದಲ್ಲಿ ಹಿಂಡನ್ನು ತರುಬಿ ನಿಲ್ಲಿಸಿದ್ದ. ಅತ್ತಿಗೆ ತಂಗೆವ್ವ ಬುತ್ತಿ ಬಿಚ್ಚಿ ಕೂತಿದ್ದಳು.

ಬಿಸಿಲಿನಲ್ಲಿ ಟ್ಯಾಬ್ಲೆಟ್ಟಿನ ಪರದೆ ಕಾಣಲಿಲ್ಲ. ಎತ್ತ ತಿರುಗಿಸಿದರೂ ಆಕಾಶವೇ ಕಂಡಿತು. ಅಲ್ಲಪ್ಪ ಹೆಗಲ ಕಂಬಳಿ ತೆಗೆದು ಮೂವರ ತಲೆಯ ಮೇಲೆ ಹೊದೆಸಿದ. ಒಳಗೆ ಕತ್ತಲಾಯಿತು. ಉಣ್ಣೆಯ ವಾಸನೆ, ತಂಗೆವ್ವನ ಕೈಯ ಬೆಳ್ಳುಳ್ಳಿ ಖಾರದ ವಾಸನೆ. ಆ ಕತ್ತಲಲ್ಲಿ ಹೊಳೆ ಹರಿಯಿತು. ಮಂಜಿನಿಂದ ಕುರಿಗಳು ಇಳಿದವು, ತೇಲಿದಂತೆ ಬಂದವು, ಒಂದೊಂದಾಗಿ ದಂಡೆ ಹತ್ತಿದವು. ಕಂಬಳಿಯ ಹೊರಗೆ ನಿಜದ ಕುರಿಗಳು ಕೂಳೆ ಕಡಿಯುವ ಸದ್ದು. ಆ ಸದ್ದು ಒಳಗಿನ ಕುರಿಗಳದೋ ಹೊರಗಿನವುಗಳದೋ ಎಂದು ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ.

"ಇನ್ನೊಮ್ಮೆ ಹಚ್ಚವಾ," ಎಂದಳು ತಂಗೆವ್ವ. ಮತ್ತೆ ನೋಡಿದರು. ಮತ್ತೆ.

ಆಮೇಲೆ ಅಲ್ಲಪ್ಪ ಕೇಳಿದ, "ಕುರಿ ಎಲ್ಲಾ ಬಂದೂವು. ಹಿಂದ ಮನಿಶ್ಯಾರ ಯಾರೂ ಇಲ್ಲಲ್ಲ?"

ನಾಗೂಬಾಯಿ ಅದನ್ನು ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷ ಅವಳು ಒಬ್ಬ ಮನುಷ್ಯನನ್ನೂ ಬರೆದಿರಲಿಲ್ಲ. "ಮನಿಶ್ಯಾರ ಕಾಲ ಹೆಂಗ ಹೋಗತಾವ, ನನಗ ಗೊತ್ತಿಲ್ಲ ಅಣ್ಣಾ," ಎಂದಳು.

ಅಲ್ಲಪ್ಪ ಕಂಬಳಿ ಸರಿಸಿ ಎದ್ದ. ಬೆಳಕು ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಅವನು ಕೋಲು ಹಿಡಿದು, ಧೋತರ ತುಸು ಎತ್ತಿ ಕಟ್ಟಿ, ಕೊಯ್ದ ಹೊಲದ ಮೇಲೆ ಆ ತುದಿಯವರೆಗೆ ನಡೆದ. ತಂಗಿ ನೋಡುತ್ತಾಳೆ ಎಂದು ಮೊದಲು ಸೆಟೆದು ನಡೆದ. ನಾಲ್ಕು ಹೆಜ್ಜೆಯ ಮೇಲೆ ಅದನ್ನು ಮರೆತು ತನ್ನಂತೆ ನಡೆದ. ನಾಗೂಬಾಯಿ ನೆಲಕ್ಕೆ ಬಾಗಿ ಅವನ ಕಾಲುಗಳನ್ನೇ ನೋಡಿದಳು. ಹಿಮ್ಮಡಿ ಏಳುವುದು, ಬೆರಳು ಕೊನೆಗೆ ನೆಲ ಬಿಡುವುದು, ಬಲಗಾಲು ತುಸು ಹೊರಗೆ ತಿರುಗುವುದು.

"ಹೊಳ್ಳಿ ಬಾ ಅಣ್ಣಾ," ಎಂದು ಕೂಗಿದಳು. "ಸಾವಕಾಶ ಬಾ."